ಹಲಾಲ್ ಜೋಳ ಎಲ್ಲಿ ಸಿಗ್ತದ್ರೀ?

ನಮ್ಮ ಕಾಲೊನಿಯ ವಾಟ್ಸಾಪ್ ಗ್ರೂಪಿಗೆ ಒಳ್ಳೆ ಬುದ್ಧಿ ಬಂದಿದೆ. ನಳದ ನೀರು ಯಾವಾಗ ಬಿಡ್ತಾರೆ ಅನ್ನೋ ಪ್ರಶ್ನೆ ಮತ್ತು ಗುಡ್ ಮಾರ್ನಿಂಗ್ ಗುಲಾಬಿ ಬಿಟ್ಟರೆ ಬೇರೇನೂ ಕಾಣದ ಗ್ರೂಪು ಅದು. ಅದರಲ್ಲಿ ಹೋದ ವಾರ ಒಂದು ಸಂದೇಶ ಬಂತು. ಮೂಲೆ ಮನೆಗೆ ಹೊಸದಾಗಿ ಬಂದಿರುವ ಮುಸ್ಲಿಂ ಕುಟುಂಬಕ್ಕೆ ಎಲ್ಲರೂ ಸೇರಿ ಸ್ವಾಗತದ ಊಟ ಹಾಕೋಣ ಅಂತ. ಎಲ್ಲರೂ ಹೆಬ್ಬೆರಳು ಎತ್ತಿದರು. ಸಮಿತಿ ಆಯಿತು, ಅಧ್ಯಕ್ಷರು ಆದರು. ವಿಜಯಪುರದಲ್ಲಿ ಮುಸ್ಲಿಮರು ನಿನ್ನೆ ಸಂಜೆ ಬಸ್ಸಿಗೆ ಬಂದಿಳಿದಿದ್ದಾರೆ ಅನ್ನುವ ಹಾಗೆ ತಯಾರಿ ಶುರುವಾಯಿತು.

ಮೊದಲ ಪ್ರಶ್ನೆ, ಅವರು ಏನು ಉಣ್ತಾರೆ? ಗೂಗಲ್ ಮಾಡಿದವರೊಬ್ಬರು ಖರ್ಜೂರ ಅಂದರು. ಇನ್ನೊಬ್ಬರು ಹಲೀಮ್ ಅನ್ನುವ ಮಾಂಸದ ಅಡುಗೆಯ ಚಿತ್ರ ಹಾಕಿದರು, ಬೈಸಿಕೊಂಡು ತೆಗೆದರು. ನಿವೃತ್ತ ಕಾಕಾ ಒಬ್ಬರು ಕಾಳಜಿಯಿಂದ ಕೇಳಿದರು: "ಅವರಿಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ ನಡೀತಾವೇನ್ರಿ?" ಕಾಕಾ, ಅದು ಜೈನರ ಮನೆ ಊಟದ ಪ್ರಶ್ನೆ. ಅಷ್ಟರಲ್ಲಿ ವೈನಿ ಒಬ್ಬರ ಧ್ವನಿ ಸಂದೇಶ ಬಂತು: "ಅಲ್ರೀ, ರೊಟ್ಟಿ ಮಾಡೋದಾದ್ರ ಹಲಾಲ್ ಜೋಳ ಎಲ್ಲಿ ಸಿಗ್ತದ್ರೀ?"

ನಾನು ನಗಲಿಲ್ಲ. ವೈನಿಯದೇನು ತಪ್ಪು? 2022ರಲ್ಲಿ ಯುಗಾದಿ ಹೊತ್ತಿಗೆ ಹಲಾಲ್ ಮಾಂಸ ಬಿಡಿ ಅಂತ ಟಿವಿಯವರು ದಿನವಿಡೀ ಕೂಗಿದರು. ಅದು ಪ್ರಾಣಿಯನ್ನು ಕೊಯ್ಯುವ ರೀತಿಯ ವಿಷಯ, ಜೋಳ ಬದನೆಕಾಯಿಗೆ ಆ ತಾಪತ್ರಯ ಇಲ್ಲ ಅಂತ ಹೇಳುವಷ್ಟು ಪುರುಸೊತ್ತು ಆ್ಯಂಕರ್‌ಗೆ ಇರಲಿಲ್ಲ. ಈಗ ಎಪಿಎಂಸಿಗೆ ಹೋಗಿ ದಲಾಲರ ಹತ್ತಿರ ಹಲಾಲ್ ಜೋಳ ಕೇಳುವ ಕೆಲಸಕ್ಕೆ ಸಮಿತಿ ಒಬ್ಬರನ್ನು ನೇಮಿಸಬೇಕು ಅಷ್ಟೇ.

ಕೊನೆಗೆ ಮಧ್ಯಮ ಮಾರ್ಗ ಸಿಕ್ಕಿತು. "ನಮ್ಮ ಊಟ ಅವರಿಗೆ ಪರಿಚಯ ಮಾಡಿಸೋಣ." ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಗುರೆಳ್ಳ ಹಿಂಡಿ, ಶೇಂಗಾ ಹೋಳಿಗೆ. ಹೊಸಬರು ಇದೇ ಜಿಲ್ಲೆಯ ಮುದ್ದೇಬಿಹಾಳ ಕಡೆಯವರು. ಅವರ ಮನೆ ಮುಂದೆ ಹಾದು ಹೋದರೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತದೆ. ಅವರಿಗೆ ಜೋಳದ ರೊಟ್ಟಿ ಪರಿಚಯ ಮಾಡಿಸುತ್ತಾರಂತೆ!

ಇನ್ನು ಈ "ನಮ್ಮ ಊಟ"ದ ತಾಟನ್ನೇ ಸ್ವಲ್ಪ ನೋಡಿ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಮೆಣಸಿನಕಾಯಿಯೂ ಆ ಕಡೆಯದೇ, ತಂದವರು ಪೋರ್ಚುಗೀಸರು. 1510ರಲ್ಲಿ ಇದೇ ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವೆ ಕಿತ್ತುಕೊಂಡ ಪೋರ್ಚುಗೀಸರು. ಹೋಗಲಿ, ನಮ್ಮ ಬಿಳಿಜೋಳ? ಅದರ ಮೂಲ ಆಫ್ರಿಕಾ. ಸಾವಿರಾರು ವರ್ಷದ ಹಿಂದೆ ಬಂದಿದ್ದರಿಂದ ಬಚಾವಾಯಿತು. ಈಗ ಬಂದಿದ್ದರೆ ಅದಕ್ಕೂ ನಮ್ಮ ಕಾಲೊನಿಯಲ್ಲಿ ಮನೆ ಸಿಗುತ್ತಿರಲಿಲ್ಲ. ಇಡೀ ತಾಟಿನಲ್ಲಿ ಗಟ್ಟಿಯಾಗಿ ಈ ನೆಲದ್ದು ಅಂತ ಹೇಳಬಹುದಾದದ್ದು ಬದನೆಕಾಯಿ. ಅದನ್ನು ನೋಡಿದರೆ ಮಕ್ಕಳು ಎದ್ದು ಹೋಗ್ತವೆ.

ಸಮಿತಿಯಲ್ಲಿ ಹೆಚ್ಚು ಆತಂಕ ಪಡುತ್ತಿರುವವರು ಹಳ್ಳಿಯಿಂದ ಬಂದ ಮಾಮಾ ಒಬ್ಬರು. "ಅವರ ಮನಿದು ತಿಂದ್ರ ನಡೀತದೇನು?" ಅಂತ ಖಾಸಗಿಯಾಗಿ ಕೇಳುತ್ತಾರೆ. ಇದೇ ಮಾಮಾ ಪ್ರತಿ ವರ್ಷ ಮೊಹರಮ್ಮಿಗೆ ಊರಿಗೆ ಹೋಗುತ್ತಾರೆ. ಪಂಜಾದ ಮುಂದೆ ಸಕ್ಕರೆ ಓದಿಸುತ್ತಾರೆ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಹಬ್ಬದ ಸಿಹಿ ಚೊಂಗೆ ಕಟ್ಟಿಕೊಂಡು ಬಂದು ನಮಗೂ ಹಂಚುತ್ತಾರೆ. ನಮ್ಮ ಕಡೆ ಒಂದೂ ಮುಸ್ಲಿಂ ಮನೆ ಇಲ್ಲದ ಊರಿನಲ್ಲೂ ಮೊಹರಂ ನಡೆಯುತ್ತದೆ, ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. ದೇವರು ನಡೀತಾನೆ, ಹಬ್ಬ ನಡೀತದೆ, ಚೊಂಗೆ ನಡೀತದೆ. ಮನುಷ್ಯರು ಪಕ್ಕದ ಮನೆಗೆ ಬಂದರೆ ಮಾತ್ರ ಸಮಿತಿ ಬೇಕು.

ಅಧ್ಯಕ್ಷರ ಭಾಷಣ ಈಗಾಗಲೇ ತಯಾರಾಗಿದೆ. ಕರಡು ಗ್ರೂಪಿಗೆ ಬಂದಿದೆ. ನಮ್ಮದು ಸೌಹಾರ್ದದ ಊರು, 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಸರಸ್ವತಿಯನ್ನು ನೆನೆದು ಹಾಡು ಬರೆದ, ಜನ ಅವನನ್ನು ಜಗದ್ಗುರು ಬಾದಶಹ ಅಂದರು. ಎಲ್ಲ ನಿಜ. ಆದರೆ ಇದೇ ಅಧ್ಯಕ್ಷರ ಗೇಟಿಗೆ ಒಂದು ಬೋರ್ಡಿದೆ. "ಮನೆ ಬಾಡಿಗೆಗೆ ಇದೆ. ಶುದ್ಧ ಶಾಖಾಹಾರಿಗಳಿಗೆ ಮಾತ್ರ." ಜಗದ್ಗುರು ಬಾದಶಹನೇ ಅಡ್ವಾನ್ಸ್ ಹಿಡಿದು ಬಂದರೂ ಮೇಲಿನ ಮಹಡಿ ಸಿಗಲ್ಲ.

ಈ ಬೋರ್ಡು ಈಗ ಬೀದಿಗೆರಡು. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 21 ಜನ ಮಾತ್ರ ಶಾಖಾಹಾರಿಗಳು. ಉಳಿದ 79 ಜನರೂ ಮೇಲೊಂದು ಮಹಡಿ ಕಟ್ಟಿಸಿದ ಕೂಡಲೇ ಶಾಖಾಹಾರಿ ಆಗಿಬಿಡುತ್ತಾರೋ ಏನೋ. ನಮ್ಮ ಅಧ್ಯಕ್ಷರನ್ನು ರವಿವಾರ ಮಧ್ಯಾಹ್ನ ಮಾಂಸದೂಟಕ್ಕೆ ಹೆಸರಾದ ಸಾವಜಿ ಖಾನಾವಳಿಯ ಒಳಗಿನ ಟೇಬಲ್ಲಿನಲ್ಲಿ ನೋಡಬಹುದು. ಗೋಡೆ ಕಡೆ ಮುಖ ಮಾಡಿ ಕೂತಿರುತ್ತಾರೆ.

ಹೊಸಬರು ಮೂಲೆ ಮನೆಗೆ ಹೇಗೆ ಬಂದರು ಗೊತ್ತಾ? ಬಾಡಿಗೆಗೆ ಅಲ್ಲ, ಕೊಂಡುಕೊಂಡು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಇದೇ ಬೀದಿಗಳಲ್ಲಿ ಬಾಡಿಗೆ ಮನೆ ಹುಡುಕಿದರು. ಫೋನಿನಲ್ಲಿ "ಬರ್ರಿ, ನೋಡ್ರಿ" ಅಂದ ಮನೆ, ಹೆಸರು ಹೇಳಿದ ಮೇಲೆ "ನಿನ್ನೇನೇ ಕೊಟ್ಟೀವ್ರಿ" ಆಗುತ್ತಿತ್ತು. ಅಧ್ಯಕ್ಷರ ಮಹಡಿ ಆಗಲೂ ಖಾಲಿ, ಈಗಲೂ ಖಾಲಿ. ಸಾಲ ಮಾಡಿ ಮನೆ ಕೊಂಡ ಮೇಲೆ ಇವರಿಗೆ ಅತಿಥಿ ಸತ್ಕಾರ ನೆನಪಾಗಿದೆ. ಸಾಕಾಗಿದೆ ನನಗೆ ಈ ಹೋಳಿಗೆ ಸೌಹಾರ್ದ. ಹೋಳಿಗೆ ತಿನ್ನಿಸೋದು ಒಂದು ಹೊತ್ತಿನ ಕೆಲಸ, ಮನೆ ಬಾಡಿಗೆಗೆ ಕೊಟ್ಟರೆ ದಿನಾ ಮುಖ ನೋಡಬೇಕು. ಅದಕ್ಕೇ ಹೋಳಿಗೆ.

ಇರಲಿ. ಮೆನು ಆಯಿತು, ಊಟ ಯಾರ ಮನೆಯಲ್ಲಿ? ಗ್ರೂಪು ತಣ್ಣಗಾಯಿತು. ಒಬ್ಬರ ಮನೆಗೆ ಪೇಂಟಿಂಗ್ ನಡೆದಿದೆ. ಇನ್ನೊಬ್ಬರ ಅತ್ತೆಗೆ ಮಡಿ ಜಾಸ್ತಿ. ಮತ್ತೊಬ್ಬರ ಮಗನಿಗೆ ಪರೀಕ್ಷೆ, ಅವನು ಎಲ್‌ಕೆಜಿ. ಕಡೆಗೆ ಅಧ್ಯಕ್ಷರೇ ದಾರಿ ಹುಡುಕಿದರು. ಊಟ ಹೊಸಬರ ಮನೆಯಲ್ಲೇ ಇಟ್ಟುಕೊಳ್ಳೋಣ, "ಅವರಿಗೂ ಸಂಕೋಚ ಆಗಂಗಿಲ್ಲ." ತಾಟು, ವಾಟೆ ಯಾರೂ ಕೊಡುವುದು ಬೇಡ, ಒಮ್ಮೆ ಉಂಡು ಎಸೆಯುವ ಕಾಗದದ ತಾಟು ತರಿಸೋಣ, ಸ್ವಚ್ಛ ಇರುತ್ತೆ. ಗೃಹಪ್ರವೇಶಕ್ಕೆ, ಸೀಮಂತಕ್ಕೆ ಮನೆಮನೆಯಿಂದ ಬರುವ ಸ್ಟೀಲಿನ ತಾಟು ಇವತ್ತು ಯಾಕೆ ಬೇಡ ಅಂತ ಯಾರೂ ಕೇಳಲಿಲ್ಲ. ಕೇಳಬೇಕಾಗಿಯೂ ಇಲ್ಲ, ಎಲ್ಲರಿಗೂ ಗೊತ್ತು.

ನಿನ್ನೆ ಖರ್ಚಿನ ಲೆಕ್ಕ ಬಂತು. ಮನೆಗೆ ಮುನ್ನೂರು ರೂಪಾಯಿ ಪಟ್ಟಿ. ಹೊಸಬರು ಈಗ ನಮ್ಮವರೇ ಆದ್ದರಿಂದ ಬೇಧಭಾವ ಮಾಡದೆ ಅವರಿಗೂ ಪಟ್ಟಿ ಹಾಕಲಾಗಿದೆ. ಮೊದಲು ದುಡ್ಡು ಬಂದಿದ್ದು ಅವರ ಮನೆಯಿಂದಲೇ. ಅಧ್ಯಕ್ಷರು ಕೈಮುಗಿಯುವ ಇಮೋಜಿ ಹಾಕಿ, "ಉಳಿದವರೂ ಲಗೂನ ಹಾಕ್ರಿ" ಅಂದಿದ್ದಾರೆ.