ಗೋಡೆಗೂ ಮಜೂರಿ

ಬೆಂಗಳೂರಿನಲ್ಲಿ ಹೊಸದಾಗಿ ಎದ್ದ ಕಟ್ಟಡ ಅರಮನೆಯೋ, ಮಠವೋ, ಸ್ಟಾರ್ ಹೋಟೆಲೋ ಎಂದು ಗೊತ್ತಾಗದಿದ್ದರೆ ಅನುಮಾನವೇ ಬೇಡ, ಅದು ಒಡವೆ ಅಂಗಡಿ. ಹೊರಗೆ ಹಂಪಿಯ ಕಂಬ, ಮೇಲೆ ರಾಜಸ್ಥಾನದ ಕಮಾನು, ಕೆಳಗೆ ಇಟಲಿಯ ಅಮೃತಶಿಲೆ. ಬಾಗಿಲಲ್ಲಿ ಮೈಸೂರು ಪೇಟ ತೊಟ್ಟ ಹುಡುಗ. ಪೇಟ ಅಳತೆಗೆ ದೊಡ್ಡದು, ಕೈ ಮುಗಿದಾಗಲೆಲ್ಲ ಕಣ್ಣಿನ ಮೇಲೆ ಜಾರುತ್ತದೆ.

ಅವೆನ್ಯೂ ರಸ್ತೆಯ ಹಳೇ ಅಂಗಡಿಗಳಲ್ಲಿ ಇಂಟೀರಿಯರ್ ಅಂದರೆ ಬಿಳಿ ಗಾದಿ, ಒರಗುದಿಂಬು, ತಕ್ಕಡಿ, ಒರೆಗಲ್ಲು. ಮುಗೀತು.

ಈಗ ಬೆಳಕೇ ಬಂಡವಾಳ. ಚಿನ್ನಕ್ಕೆ 3000 ಕೆಲ್ವಿನ್ ಆಸುಪಾಸಿನ ಹಳದಿ ಲೈಟು, ವಜ್ರಕ್ಕೆ ಹಾಲಿನಂಥ ಬಿಳಿ ಲೈಟು. ಆ ಹಳದಿಯ ಕೆಳಗೆ ಹಿತ್ತಾಳೆಯ ಕುಂಕುಮಭರಣಿಯೂ 22 ಕ್ಯಾರೆಟ್‌ನ 916 ಚಿನ್ನ ಅನ್ನಿಸಿಕೊಂಡೀತು. ಅದೇ ಸರವನ್ನು ಮನೆಯ ಟ್ಯೂಬ್‌ಲೈಟಿನಲ್ಲಿ ನೋಡಿ ಅತ್ತೆ "ಅಂಗಡೀಲಿ ಹಿಂಗಿರ್ಲಿಲ್ವಲ್ಲೇ" ಅಂದರೆ ಸರದ ತಪ್ಪೇನಿಲ್ಲ. ಲೈಟು ಅಂಗಡಿಯಲ್ಲೇ ಉಳಿಯಿತು, ಬಿಲ್ಲು ಮಾತ್ರ ಮನೆಗೆ ಬಂತು.

ಇಷ್ಟೆಲ್ಲ ಬೆಳಕಿನಲ್ಲೂ ಕಾಣದಿರುವುದು ಚಿನ್ನದ ಶುದ್ಧತೆ ಹೇಳುವ ಮುದ್ರೆ, ಹಾಲ್‌ಮಾರ್ಕ್. 2023ರ ಏಪ್ರಿಲ್ 1ರಿಂದ ಅದರಲ್ಲಿ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಅದರದೇ ಗುರುತಿನ ಸಂಖ್ಯೆ, ಕಡ್ಡಾಯ. ಅದನ್ನು ಓದಲು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿಯನ್ನು ಅಂಗಡಿಯವರು ಇಟ್ಟಿರಬೇಕು. ಇಟ್ಟಿರುತ್ತಾರೆ, ಎಲ್ಲಿ ಅಂತ ಕೇಳಬಾರದು ಅಷ್ಟೇ. ಹಿರಿಯರೊಬ್ಬರು ಕೇಳಿದರು. "ಬಾದಾಮಿ ಹಾಲು ತರಿಸ್ಲಾ ಸರ್?" ಅಂದಳು ಕೌಂಟರಿನ ಹುಡುಗಿ. ಮತ್ತೆ ಕೇಳಿದರು. ಹಾಲಿನ ಜೊತೆ ಗೋಡಂಬಿ ಬಂತು. ಇನ್ನೊಂದು ಸಲ ಕೇಳಿದಾಗ ಸಾಕ್ಷಾತ್ ಮ್ಯಾನೇಜರೇ ಬಂದು, "ಅಂಕಲ್, ಮೇಲ್ಗಡೆ ನಮ್ ಬ್ರೈಡಲ್ ಲೌಂಜ್ ನೋಡಿದ್ರಾ?" ಅಂದರು.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಚಿನ್ನದ ದರ ಊರಿಗೆಲ್ಲ ಹೆಚ್ಚುಕಮ್ಮಿ ಒಂದೇ. ಹಿಗ್ಗುವುದು ವೇಸ್ಟೇಜು (ಒಡವೆ ಮಾಡುವಾಗ ಪೋಲಾಯಿತು ಅಂತ ಹಾಕುವ ಚಿನ್ನದ ಲೆಕ್ಕ), ಮಜೂರಿ. 50 ಗ್ರಾಂ ಹಾರಕ್ಕೆ ಶೇ. 14 ಹಾಕಿದರೆ 7 ಗ್ರಾಂ ಚಿನ್ನದ ದುಡ್ಡು. ಅದರ ಮೇಲೂ ಶೇ. 3 ಜಿಎಸ್‌ಟಿ. ನಾಳೆ ಕಷ್ಟಕ್ಕೆ ಮಾರಲು ಹೋದರೆ ತೂಕಕ್ಕೆ ಬರುವುದು 50 ಗ್ರಾಂ ಮಾತ್ರ. ಉಳಿದ ಏಳು? ತಲೆಯೆತ್ತಿ ನೋಡಿ, ಶಾಂಡ್ಲಿಯರ್ ಆಗಿ ತೂಗಾಡುತ್ತಿದೆ.

ಹಾಗಾದರೆ ಅಕ್ಕಸಾಲಿ ಅಷ್ಟು ಚಿನ್ನ ಹಾಳುಮಾಡುತ್ತಾನೋ ಅಂದರೆ, ನಗರತ್ ಪೇಟೆಯ ಗೂಡಿನಂಥ ಕೋಣೆಗಳಿಗೆ ಹೋಗಿ ನೋಡಬೇಕು. ಟೇಬಲ್ ಲ್ಯಾಂಪಿನ ಕೆಳಗೆ ಬೆನ್ನು ಬಾಗಿಸಿ ಕೂತವರು ಸಂಜೆ ನೆಲದ ಧೂಳನ್ನೂ ಗುಡಿಸಿ ಎತ್ತಿಡುತ್ತಾರೆ. ಆ ಕಸದಿಂದಲೂ ಚಿನ್ನ ತೆಗೆಯುವವರಿದ್ದಾರೆ. ಗುಲಗಂಜಿಯಷ್ಟೂ ಪೋಲಾಗದ ಕೆಲಸಕ್ಕೆ ವೇಸ್ಟೇಜು ಅಂತ ಬಿಲ್ಲು. ಮಜೂರಿಯ ಹೆಸರು ಅವನದು, ದುಡ್ಡಿನಲ್ಲಿ ಗೋಡೆಯ ಪಾಲೂ ಇದೆ.

ವೇಸ್ಟೇಜ್ ವಾಪಸ್ ಕೊಡಿ ಅಂತ ನಾನೇನೂ ಕೇಳುತ್ತಿಲ್ಲ. ಮದುವೆಗೆ ಚಿನ್ನ ಕೊಂಡವರಿಗೆ ಎರಡು ದಿನ ಅಂಗಡಿಯ ಆ ಹಾಲ್ ಬಿಟ್ಟುಕೊಡಲಿ, ಸಾಕು. ಛತ್ರದ ಬಾಡಿಗೆ ಉಳಿಯುತ್ತದೆ. ಹುಡುಗಿಗೆ ಹಾಕಿದ್ದು ನಾಲ್ಕು ಗ್ರಾಂ ಕಮ್ಮಿಯಾದರೂ ಆ ಹಳದಿ ಬೆಳಕಿನಲ್ಲಿ ಬೀಗಿತ್ತಿಗೆ ಗೊತ್ತಾಗುವುದಿಲ್ಲ. ಅನುಮಾನ ಬಂದು ಭೂತಗನ್ನಡಿ ಕೇಳಿದರೆ, ಬಾದಾಮಿ ಹಾಲು ಇದ್ದೇ ಇದೆ.