ಬ್ಯಾಕ್ಟೀರಿಯಾ ಕೊಲ್ಲುವ ಕವರ್ ಕೊಳೆಯೋದು ಹೇಗೆ?

ತಿನ್ನೋ ಪದಾರ್ಥ ಕಟ್ಟೋ ಕವರಂತೆ, ಗಿಡದಿಂದ ಮಾಡಿದ ಪ್ಲಾಸ್ಟಿಕ್ಕಂತೆ, ಬ್ಯಾಕ್ಟೀರಿಯಾನೂ ಕೊಲ್ಲುತ್ತಂತೆ, ಮಣ್ಣಲ್ಲೂ ಕರಗುತ್ತಂತೆ. ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ಒಂದೇ ಅನುಮಾನ. ಮಣ್ಣಲ್ಲಿ ಅದನ್ನು ತಿಂದು ಮುಗಿಸಬೇಕಾದವೂ ಸೂಕ್ಷ್ಮಜೀವಿಗಳೇ ಅಲ್ವಾ? ಅವನ್ನೇ ಕೊಂದರೆ ಕೊಳೆಸೋರು ಯಾರು?

ಅದು ಒಳಗೆ ಏನು ಬೆರೆಸಿದ್ದಾರೆ ಅನ್ನೋದರ ಮೇಲಿದೆ. ಬ್ಯಾಕ್ಟೀರಿಯಾ ಕೊಲ್ಲಲು ಬೆಳ್ಳಿಯ ನ್ಯಾನೋ ಕಣ ಹಾಕಿದರೆ, ಕವರ್ ಕೊಳೆತರೂ ಬೆಳ್ಳಿ ಮಣ್ಣಲ್ಲೇ ಉಳಿಯುತ್ತದೆ. ಓಮದ ಎಣ್ಣೆಯಲ್ಲಿರುವ ಥೈಮಾಲ್, ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಹಾಗಲ್ಲ. ಬ್ಯಾಕ್ಟೀರಿಯಾದ ಪೊರೆ ಕೆಡಿಸಿ ಸಾಯಿಸುತ್ತವೆ, ಜೊತೆಗೆ ದಿನ ಕಳೆದಂತೆ ತಾವೂ ಆವಿಯಾಗುತ್ತಾ ಹೋಗುತ್ತವೆ. ಕವರ್ ತಿಪ್ಪೆ ಸೇರುವ ಹೊತ್ತಿಗೆ ಅವುಗಳ ಕೆಲಸ ಮುಗಿದಿರಬೇಕು. ಹಾಗಾಗಿ ನನ್ನ ವೋಟು ಓಮಕ್ಕೆ.

ಮಾಡುವುದು ನೋಡಲು ಅಡುಗೆಮನೆ ಕೆಲಸವೇ. ಮೆಕ್ಕೆಜೋಳದ್ದೋ ಮರಗೆಣಸಿನದ್ದೋ ಪಿಷ್ಟವನ್ನು ನೀರಲ್ಲಿ ಕಲಸಿ ಕಾಯಿಸುತ್ತಾರೆ. ಗಂಜಿ ಹದಕ್ಕೆ ಬಂದಾಗ ಗ್ಲಿಸರಿನ್ ಸೇರಿಸಿ, ತಟ್ಟೆಗೆ ತೆಳ್ಳಗೆ ಹೊಯ್ದು ಒಣಗಿಸಿದರೆ ಹಾಳೆ ರೆಡಿ. ಗ್ಲಿಸರಿನ್ ಕಡಿಮೆಯಾದರೆ ಹಪ್ಪಳದ ಹಾಗೆ ಪಟ್ ಅಂತ ಮುರಿಯುತ್ತದೆ. ಜಾಸ್ತಿಯಾದರೆ ಕೈಗೆ ಅಂಟುತ್ತದೆ. ಓಮದ ಎಣ್ಣೆ ಹಾಕುವುದು ಗಂಜಿ ಸ್ವಲ್ಪ ಆರಿದ ಮೇಲೆ. ಕುದಿಯುವಾಗಲೇ ಸುರಿದರೆ ಘಮ ಲ್ಯಾಬ್ ತುಂಬಾ, ಹಾಳೆಯಲ್ಲಿ ಮಾತ್ರ ಕಡಿಮೆ. ದೊಡ್ಡ ಕೊರತೆ ಅಂದರೆ ನೀರು: ಒದ್ದೆ ಕೊತ್ತಂಬರಿ ಸೊಪ್ಪು ಇಟ್ಟರೆ ಮೆತ್ತಗಾಗಿಬಿಡುತ್ತದೆ.

ನೀರಿಗೆ ಅಷ್ಟು ಬೇಗ ಸೋಲದ್ದು ಬೇಕೆಂದರೆ ಪಾಲಿಲ್ಯಾಕ್ಟಿಕ್ ಆಸಿಡ್ ಎಂಬ ಪ್ಲಾಸ್ಟಿಕ್, ಅಂದರೆ ಪಿಎಲ್‌ಎ ಇದೆ. ಇದೂ ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದಲೇ ಬರುತ್ತದೆ. ಆದರೆ ಬೇಗ ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಬಿಸಿ ಇರುವ ದೊಡ್ಡ ಕಾಂಪೋಸ್ಟ್ ಘಟಕವೇ ಬೇಕು. ಹಿತ್ತಲ ಗುಂಡಿಯಲ್ಲಿ ಬಹಳ ಕಾಲ ಸುಮ್ನೆ ಬಿದ್ದಿರುತ್ತದೆ. 2022ರ ಜುಲೈ 1ರಂದು ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲಿ ನಿಷೇಧಿಸಿದಾಗ ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ಗೆ ವಿನಾಯಿತಿ ಕೊಟ್ಟರು. ಸರಿ, ಆದರೆ ಆ ಕವರು ಘಟಕದ ತನಕ ಹೋಗುವುದು ಯಾರ ಬೀದಿಯಿಂದ, ಹೇಳಿ? ಕವರಿನ ಮೇಲೆ ಹಸಿರು ಎಲೆಯ ಚಿತ್ರ ಕಂಡರೇ ನನಗೆ ರೇಗುವುದು ಇದಕ್ಕೆ. ಎಷ್ಟು ಬಿಸಿಯಲ್ಲಿ, ಎಷ್ಟು ದಿನಕ್ಕೆ ಕೊಳೆಯುತ್ತದೆ ಅಂತ ಆ ಎಲೆಯ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಹಾಕಲಿ.

ಓಮದ ಪಕ್ಷದವನಾದರೂ ಒಂದು ಮಾತು ಒಪ್ಪಲೇಬೇಕು. ಬ್ಯಾಕ್ಟೀರಿಯಾ ಸಾಯುವಷ್ಟು ಹಾಕಿದರೆ ಒಳಗಿಟ್ಟ ಬ್ರೆಡ್ಡೆಲ್ಲ ಓಮ ಓಮ. ಇದಕ್ಕೆ ಸೈಕ್ಲೋಡೆಕ್ಸ್‌ಟ್ರಿನ್ ಬಳಸುತ್ತಾರೆ. ಅದೂ ಪಿಷ್ಟದಿಂದಲೇ ಮಾಡುವ, ಉಂಗುರದಂಥ ಸಕ್ಕರೆ ಅಣು. ಎಣ್ಣೆಯನ್ನು ಒಳಗೆ ಹಿಡಿದಿಟ್ಟು, ತೇವ ಸಿಕ್ಕಾಗ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ನನ್ನ ಕೇಳಿದರೆ ಬ್ರೆಡ್ ಬಿಟ್ಟು ಬೇರೆ ಕಡೆ ಶುರು ಮಾಡಬೇಕು. ಮಸಾಲೆ ಹಚ್ಚಿದ ಪನೀರು, ಮೀನಿನಂಥವು ಇವೆಯಲ್ಲ, ಓಮದ ವಾಸನೆ ಬಂತು ಅಂತ ಅಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ.