ಅಪ್ಪನ ಇನಿಶಿಯಲ್ಲು, ನಿಲ್ದಾಣದ ಬಾಗಿಲು

ಕೆಲಸದ ಮೇಲೆ ಮೆಲ್ಬರ್ನಿನಿಂದ ಸಿಡ್ನಿಗೆ ಆಗಾಗ ಹೋಗಿಬರುತ್ತೇನೆ. ಇಷ್ಟು ವರ್ಷಗಳಲ್ಲಿ ಯಾರೂ ನನ್ನ ಐಡಿ ಕಾರ್ಡ್ ಕೇಳಿದ ನೆನಪಿಲ್ಲ. ಫೋನಿನಲ್ಲಿ ಬೋರ್ಡಿಂಗ್ ಪಾಸ್ ಇದ್ದರಾಯಿತು. ಬ್ಯಾಗನ್ನೂ ಮೈಯನ್ನೂ ತಪಾಸಣೆ ಮಾಡುತ್ತಾರೆ, ಹೆಸರು ವಿಚಾರಿಸುವುದಿಲ್ಲ. ಮಗನನ್ನು ಕಳಿಸಲು ಬಂದ ನನ್ನ ಹೆಂಡತಿ, ಟಿಕೆಟ್ ಇಲ್ಲದಿದ್ದರೂ ಅದೇ ತಪಾಸಣೆ ಮುಗಿಸಿ ವಿಮಾನ ಹತ್ತುವ ಗೇಟಿನ ತನಕ ಹೋಗಿ ಕೈಬೀಸಿ ಬರುತ್ತಾಳೆ. ಇದೆಲ್ಲ ಆಸ್ಟ್ರೇಲಿಯಾದ ಒಳಗಿನ ಪ್ರಯಾಣಕ್ಕೆ ಮಾತ್ರ. ದೇಶ ದಾಟುವಾಗ ಇಲ್ಲೂ ಪಾಸ್‌ಪೋರ್ಟ್ ಬೇಕೇ ಬೇಕು.

ನಮ್ಮ ಭಾರತದಲ್ಲಿ ಟರ್ಮಿನಲ್ಲಿನ ಹೊರಬಾಗಿಲಲ್ಲೇ ಟಿಕೆಟ್ ಜೊತೆ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಆಧಾರ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಯಾವುದಾದರೂ ನಡೆಯುತ್ತದೆ. ಹೆಸರು ಮಾತ್ರ ಎರಡರಲ್ಲೂ ಒಂದೇ ಇರಬೇಕು.

ಹೋದ ಸಲ ಊರಿಗೆ ಬಂದಾಗ ಅಪ್ಪನನ್ನು ವಿಮಾನದಲ್ಲಿ ಕರೆದುಕೊಂಡು ಹೊರಟಿದ್ದೆ. ಅವರ ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್ಲು: ಒಂದು ಊರಿನದು, ಇನ್ನೊಂದು ತಾತನದು. ಟಿಕೆಟ್ ಬುಕ್ ಮಾಡುವ ಫಾರ್ಮು ಸರ್‌ನೇಮ್ ತುಂಬದೆ ಮುಂದಕ್ಕೆ ಹೋಗಲೇ ಇಲ್ಲ. ಆ ಜಾಗದಲ್ಲಿ ಊರಿನ ಹೆಸರನ್ನು ಪೂರ್ತಿ ಬರೆದುಬಿಟ್ಟೆ. ಬಾಗಿಲಲ್ಲಿ ಕಾವಲಿದ್ದ ಭದ್ರತಾ ಪಡೆಯ ಜವಾನರು ಕಾರ್ಡು ನೋಡಿದರು, ಟಿಕೆಟ್ ನೋಡಿದರು, ಮತ್ತೆ ಕಾರ್ಡು ನೋಡಿದರು. ಅಪ್ಪ ಕನ್ನಡಕ ಒರೆಸಿಕೊಂಡು, ಕಾರ್ಡಿನ ಮೇಲೆ ಬೆರಳಿಟ್ಟು, "ಇದು ನಮ್ಮೂರು ಸ್ವಾಮಿ, ಇದು ನಮ್ಮಪ್ಪ" ಎಂದರು. ಜವಾನರಿಗೆ ಕನ್ನಡ ಬರುತ್ತಿರಲಿಲ್ಲ. ವಿಮಾನ ಕಂಪನಿಯವರು ಬಂದು ಬಗೆಹರಿಸುವಷ್ಟರಲ್ಲಿ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಪ್ಪ ಸಾಲಿನ ಪಕ್ಕಕ್ಕೆ ಸರಿದು ನಿಂತೇ ಇದ್ದರು.

ಜವಾನರನ್ನು ನಾನು ದೂರುವುದಿಲ್ಲ, ಅವರಿಗೆ ಕೊಟ್ಟ ಕೆಲಸವೇ ಅದು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ನಮ್ಮ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದಿದ್ದರು. ಮರುವರ್ಷದಿಂದ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. ಅಂಥ ಪೆಟ್ಟು ತಿಂದ ದೇಶ ಆಸ್ಟ್ರೇಲಿಯಾದ ಹಾಗೆ ಬಾಗಿಲು ತೆರೆದಿಡಲಿ ಎಂದು ಕೇಳಲಾರೆ.

ಆದರೆ ಆ ಫಾರ್ಮನ್ನಂತೂ ಬದಲಿಸಬಹುದು. ಊರು, ಅಪ್ಪ, ಆಮೇಲೆ ತನ್ನ ಹೆಸರು. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಹೆಸರಿರುವುದೇ ಹೀಗೆ. ತಮಿಳರಲ್ಲೂ ಸರ್‌ನೇಮ್ ಇಲ್ಲದವರೇ ಹೆಚ್ಚು. ಇಷ್ಟು ಜನರ ಹೆಸರು ಹಿಡಿಸದ ಫಾರ್ಮನ್ನು ಭಾರತದಲ್ಲೇ ಟಿಕೆಟ್ ಮಾರುವವರು ಯಾಕೆ ಇಟ್ಟುಕೊಂಡಿದ್ದಾರೆ? ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಒಂದೇ ಸಾಲಿನಲ್ಲಿ ಬರೆಯಲು ಬಿಟ್ಟರೆ ಸಾಕು. 2022ರ ಡಿಸೆಂಬರಿನಿಂದ ಬೆಂಗಳೂರಿನಲ್ಲಿ ಡಿಜಿಯಾತ್ರಾ ಬಂದಿದೆ, ಮುಖ ನೋಡಿ ಬಾಗಿಲು ತೆರೆಯುತ್ತದೆ, ನಿಜ. ಆದರೆ ಅದಕ್ಕೆ ಸ್ಮಾರ್ಟ್‌ಫೋನಿನ ಆ್ಯಪ್ ಬೇಕು, ಅಪ್ಪನ ಹತ್ತಿರ ಇರುವುದು ಬಟನ್ ಫೋನು.

ಮೊನ್ನೆ ಅವರಿಗೆ ಮತ್ತೆ ಟಿಕೆಟ್ ಮಾಡಿದೆ. ತಂಗಿಯಿಂದ ಆಧಾರ್‌ನ ಫೋಟೋ ತರಿಸಿಕೊಂಡು ಒಂದೊಂದೇ ಅಕ್ಷರ ನೋಡಿ ಟೈಪ್ ಮಾಡುತ್ತಿದ್ದೆ. ಅಪ್ಪ ಫೋನಿನಲ್ಲಿ ಮೆಲ್ಲಗೆ ಹೇಳಿದರು: "ಈ ಸಲ ಊರಿನ ಹೆಸರು ಪೂರ್ತಿ ಬರೀಬೇಡಪ್ಪಾ."